ಶೋಕಸಭೆಯಲ್ಲಿ ನಕ್ಕ ನಾಯಕರು

2013ರ ಡಿಸೆಂಬರ್ 10ರಂದು ದಕ್ಷಿಣ ಆಫ್ರಿಕಾದ ಸೋವೆಟೊದಲ್ಲಿರುವ ಎಫ್‌ಎನ್‌ಬಿ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಅವರಿಗೆ ಸಾರ್ವಜನಿಕ ಶ್ರದ್ಧಾಂಜಲಿ ಸಭೆ ನಡೆಯಿತು. ಸುಮಾರು 90 ದೇಶಗಳ ಮುಖ್ಯಸ್ಥರು ಅಲ್ಲಿಗೆ ಬಂದಿದ್ದರು. ಮಂಡೇಲಾ ಅವರಿಗೆ 1990ರಲ್ಲೇ ಭಾರತ ರತ್ನ ಕೊಟ್ಟಿದ್ದ ನಮ್ಮ ದೇಶ 5 ದಿನ ಶೋಕ ಘೋಷಿಸಿತ್ತು. ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಆ ವೇದಿಕೆಯಿಂದ ಮಾತನಾಡಿದರು. ಅಂದಿನ ಭಾಷಣಗಳಲ್ಲಿ ಯಾರು ಏನು ಹೇಳಿದರೆಂದು ಈಗ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಒಂದು ಫೋಟೊ ಮಾತ್ರ ಎಲ್ಲರ ನೆನಪಿನಲ್ಲೂ ಉಳಿದಿದೆ.

ಅದರಲ್ಲಿ ಡೆನ್ಮಾರ್ಕ್ ಪ್ರಧಾನಿ ಹೆಲೆ ಥೋರ್ನಿಂಗ್-ಶ್ಮಿತ್ ಮೊಬೈಲನ್ನು ಮುಂದೆ ಚಾಚಿ ಹಿಡಿದಿದ್ದಾರೆ. ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಅದಕ್ಕೆ ತಾವೂ ಒಂದು ಕೈ ಕೊಟ್ಟಿದ್ದಾರೆ. ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಚೌಕಟ್ಟಿನೊಳಗೆ ಬರಲೆಂದು ಪಕ್ಕದಿಂದ ಬಾಗಿದ್ದಾರೆ. ಮೂವರೂ ನಗುತ್ತಿದ್ದಾರೆ. ಅವರಿಂದ ತುಸು ಆಚೆ ಮಿಷೆಲ್ ಒಬಾಮಾ ಮುಖ ಬಿಗಿದುಕೊಂಡು ನೇರ ಮುಂದೆ ನೋಡುತ್ತಿದ್ದಾರೆ. ಎಎಫ್‌ಪಿ ಸುದ್ದಿಸಂಸ್ಥೆಯ ಛಾಯಾಗ್ರಾಹಕ ರೊಬೆರ್ಟೊ ಶ್ಮಿತ್ ಸೆರೆಹಿಡಿದ ಈ ಚಿತ್ರ ಒಂದೇ ದಿನದಲ್ಲಿ ಜಗತ್ತನ್ನು ಸುತ್ತಿತು. ಸಾವಿನ ಸಭೆಗೆ ಹೋಗಿ ಸೆಲ್ಫಿ ತೆಗೆದುಕೊಳ್ಳುವವರಿಗೆ ದೇಶ ಆಳುವ ಯೋಗ್ಯತೆ ಇದೆಯೇ ಎಂಬಲ್ಲಿಗೆ ಮಾತು ಬಂದು ನಿಂತಿತು.

ಆಕ್ಷೇಪ ಎತ್ತಿದವರ ಮಾತಿನಲ್ಲಿ ತೂಕವಿದೆ. ದೇಶದ ಮುಖ್ಯಸ್ಥರೊಬ್ಬರು ಇನ್ನೊಂದು ದೇಶದ ಶೋಕಕ್ಕೆ ಹೋಗುವುದು ಖಾಸಗಿ ಗೆಳೆಯನಾಗಿ ಅಲ್ಲ. ಅವರನ್ನು ಆರಿಸಿದ ಕೋಟ್ಯಂತರ ಜನ ಹೋಗಲಾಗದೆ ಅವರನ್ನು ಕಳಿಸಿರುತ್ತಾರೆ. ಪ್ರಯಾಣದ ಖರ್ಚು ಜನರದು, ಮುಂದಿನ ಸಾಲಿನ ಕುರ್ಚಿ ಸಿಕ್ಕಿದ್ದು ಜನರ ಹೆಸರಿನಲ್ಲಿ. ಅಂಥ ಕುರ್ಚಿಯಲ್ಲಿ ಕೂತವರಿಗೆ ನಾಲ್ಕು ಗಂಟೆ ಮುಖದ ಮೇಲೆ ಹಿಡಿತ ಇಟ್ಟುಕೊಳ್ಳುವುದೂ ಕೆಲಸದ ಭಾಗವೇ. ಕ್ರೀಡಾಂಗಣದಲ್ಲಿ ಸೇರಿದ್ದ ಜನ ಮಂಡೇಲಾ ಹೆಸರು ಹಿಡಿದು ಹಾಡುತ್ತಿದ್ದರು. ಸೆಲ್ಫಿಯಲ್ಲಿ ಮಂಡೇಲಾ ಎಲ್ಲೂ ಇರಲಿಲ್ಲ. ನನಗೆ ಇದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವಾಗಿ ಕಾಣುತ್ತದೆ. ನಕ್ಕಿದ್ದನ್ನು ಕ್ಷಮಿಸಬಹುದು, ಕ್ಯಾಮೆರಾವನ್ನು ತಮ್ಮ ಕಡೆಗೇ ತಿರುಗಿಸಿಕೊಂಡದ್ದನ್ನು ಸಮರ್ಥಿಸುವುದು ಕಷ್ಟ.

ಆದರೆ ಆ ಕ್ರೀಡಾಂಗಣದೊಳಗೆ ಇದ್ದವರ ಮಾತನ್ನೂ ಕೇಳಬೇಕು. ಫೋಟೊ ತೆಗೆದ ಶ್ಮಿತ್ ತಮ್ಮ ಸಂಸ್ಥೆಗೆ ಬರೆದ ಲೇಖನದಲ್ಲಿ, ತಮ್ಮ ಸುತ್ತ ಸಾವಿರಾರು ದಕ್ಷಿಣ ಆಫ್ರಿಕನ್ನರು ಹಾಡುತ್ತ, ಕುಣಿಯುತ್ತ, ನಗುತ್ತ ಅಗಲಿದ ನಾಯಕನನ್ನು ಬೀಳ್ಕೊಡುತ್ತಿದ್ದರೆಂದೂ ಅಲ್ಲಿ ಜಾತ್ರೆಯ ಕಳೆ ಇತ್ತೆಂದೂ ಹೇಳಿದರು. ಆ ಮೈದಾನವೂ ಮಂಡೇಲಾ ಸಂಭ್ರಮಕ್ಕೆ ಹೊಸದಲ್ಲ. 1990ರಲ್ಲಿ ಸೆರೆಯಿಂದ ಹೊರಬಂದ ಮೇಲೆ ಅವರು ಸೋವೆಟೊದ ಜನರೆದುರು ನಿಂತು ಮಾತನಾಡಿದ್ದು ಅಲ್ಲೇ. 2010ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ದಿನ ಜನ ಅವರನ್ನು ಕಂಡಿದ್ದೂ ಅಲ್ಲೇ. ಶ್ರದ್ಧಾಂಜಲಿಯ ದಿನ ಮಳೆ ಬಿಡದೆ ಸುರಿಯಿತು. ಸಭೆ ನಡೆಸಿಕೊಟ್ಟವರಲ್ಲಿ ಒಬ್ಬರಾದ ಸಿರಿಲ್ ರಾಮಫೋಸಾ, ಮಣ್ಣು ಮಾಡುವಾಗ ಮಳೆ ಬಂದರೆ ದೇವರು ಬರಮಾಡಿಕೊಳ್ಳುತ್ತಿದ್ದಾರೆ ಎಂಬ ತಮ್ಮವರ ನಂಬಿಕೆಯನ್ನು ನೆನಪಿಸಿದರು. 95 ವರ್ಷ ತುಂಬು ಬಾಳು ಬಾಳಿದವರನ್ನು ಕಳಿಸಿಕೊಡುವ ಮನಸ್ಸು ಹೇಗಿರುತ್ತದೆಂದು ತಮಟೆ ಬಡಿದು, ಭಜನೆ ಹಾಡಿ ಹಿರಿಯರ ಮೆರವಣಿಗೆ ಮಾಡುವ ನಮ್ಮ ಊರುಗಳ ಜನರಿಗೆ ಬಿಡಿಸಿ ಹೇಳಬೇಕಿಲ್ಲ.

ದಕ್ಷಿಣ ಆಫ್ರಿಕನ್ನರು ಇನ್ನೊಂದು ವಿಷಯದಲ್ಲಿ ತುಂಬ ಸ್ಪಷ್ಟವಾಗಿದ್ದರು. ಮರುದಿನದಿಂದ 3 ದಿನ ಪಾರ್ಥಿವ ಶರೀರವನ್ನು ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್‌ನಲ್ಲಿ ಅಂತಿಮ ದರ್ಶನಕ್ಕೆ ಇಟ್ಟಾಗ ಜನ ಫೋಟೊ ತೆಗೆಯುವಂತಿರಲಿಲ್ಲ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರು ಮೌನವಾಗಿ ಹಾದುಹೋದರು. ಡಿಸೆಂಬರ್ 15ರಂದು ಕುನು ಗ್ರಾಮದಲ್ಲಿ ಸೇನಾ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಹಾಡಿಗೆ ಒಂದು ಜಾಗ, ಮೌನಕ್ಕೆ ಒಂದು ಜಾಗ ಎಂದು ಆತಿಥೇಯರೇ ಗೆರೆ ಎಳೆದಿದ್ದರು. ಮೂವರು ನಾಯಕರು ಸೆಲ್ಫಿ ತೆಗೆದುಕೊಂಡದ್ದು ಹಾಡಿನ ಜಾಗದಲ್ಲಿ. ಶವಪೆಟ್ಟಿಗೆಯ ಮುಂದೆ ನಿಂತು ತೆಗೆದುಕೊಂಡಿದ್ದರೆ ನಾನು ಈ ವಾದಕ್ಕೆ ಕಿವಿಗೊಡುತ್ತಿರಲಿಲ್ಲ.

ಥೋರ್ನಿಂಗ್-ಶ್ಮಿತ್ ತಾವು ಮಾಡಿದ್ದರಲ್ಲಿ ಅನುಚಿತವಾದದ್ದೇನೂ ಇಲ್ಲ ಎಂದರು. ಕ್ಯಾಮರಾನ್ ಸಂಸತ್ತಿನಲ್ಲಿ ಅದನ್ನು ಚಟಾಕಿಯಾಗಿಸಿದರು. ಥೋರ್ನಿಂಗ್-ಶ್ಮಿತ್ ಲೇಬರ್ ಪಕ್ಷದ ಹಿಂದಿನ ನಾಯಕ ನೀಲ್ ಕಿನಕ್ ಅವರ ಸೊಸೆ. ಆ ಮನೆಯವರು ಫೋಟೊ ಕೇಳಿದಾಗ ಒಲ್ಲೆನೆನ್ನುವುದು ಸೌಜನ್ಯವಲ್ಲ ಎಂಬುದು ಕ್ಯಾಮರಾನ್ ಉತ್ತರ. ಸದನ ನಕ್ಕಿತು. ನನಗೆ ಆ ಉತ್ತರ ಸಾಲದು ಅನಿಸುತ್ತದೆ, ಕೇಳಿದವರ ಪ್ರಶ್ನೆ ಅಷ್ಟು ಹಗುರವಾಗಿರಲಿಲ್ಲ.

ಇನ್ನು ಮಿಷೆಲ್ ಒಬಾಮಾ ಅವರ ಮುಖ. ಆ ಒಂದು ಕ್ಷಣದ ಚಿತ್ರ ನೋಡಿ ಎಷ್ಟೋ ಪತ್ರಿಕೆಗಳು ಗಂಡನ ಮೇಲೆ ಮುನಿದ ಹೆಂಡತಿಯ ಕಥೆ ಕಟ್ಟಿದವು. ಸ್ವಲ್ಪ ಮುಂಚೆ ಆಕೆಯೂ ಸುತ್ತಲಿನವರೊಂದಿಗೆ ನಗುನಗುತ್ತ ಮಾತನಾಡುತ್ತಿದ್ದರೆಂದು ಛಾಯಾಗ್ರಾಹಕರೇ ಹೇಳಿದರೂ ಕಥೆ ನಿಲ್ಲಲಿಲ್ಲ. ಒಂದು ದೇಶದ ಚುನಾಯಿತ ಪ್ರಧಾನಿ ಆ ಕಥೆಯಲ್ಲಿ ಗಂಡಸರ ನಡುವೆ ಕೂತು ವೈಯಾರ ಮಾಡುವ ಹೆಂಗಸಾದರು. ಮೂವರು ಮಾಡಿದ ಕೆಲಸದ ಬೈಗುಳದಲ್ಲಿ ಹೆಚ್ಚಿನ ಪಾಲು ಒಬ್ಬ ಹೆಣ್ಣಿಗೆ ಹೋಯಿತು. ಸಭ್ಯತೆಯ ಪಾಠ ಹೇಳಲು ಹೊರಟವರು ತೋರಿದ ಸಭ್ಯತೆ ಇಷ್ಟು.

ಹೊರಗಿನ ನೋಟವನ್ನೇ ನೆಚ್ಚಿದರೆ ಎಂಥ ಅನ್ಯಾಯವಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ಹಳೆಯ ಉದಾಹರಣೆ ಇದೆ. 1981ರ ನವೆಂಬರಿನಲ್ಲಿ ಲಂಡನ್ನಿನ ಯುದ್ಧಸ್ಮಾರಕ ಸೆನೊಟಾಫ್‌ಗೆ ಹೂವಿನ ಚಕ್ರ ಅರ್ಪಿಸಲು ಬಂದ ಲೇಬರ್ ನಾಯಕ ಮೈಕೆಲ್ ಫುಟ್ ಗಿಡ್ಡನೆಯ ಕೋಟು ತೊಟ್ಟಿದ್ದರು. ಅದು ಕೂಲಿಯವರು ಹಾಕುವ ಒರಟು ಜಾಕೆಟ್ಟು, ಮಡಿದ ಯೋಧರಿಗೆ ಅವಮಾನ ಎಂದು ಗುಲ್ಲೆದ್ದಿತು. ಅವರದೇ ಪಕ್ಷದೊಳಗಿಂದಲೂ ಟೀಕೆ ಬಂತು. ವಾಸ್ತವವಾಗಿ ಅದು ಅವರ ಹೆಂಡತಿ ಜಿಲ್ ಕ್ರೇಗಿ ಕೊಂಡು ತಂದಿದ್ದ ಒಳ್ಳೆಯ ಕೋಟು. ರಾಜಮಾತೆ ಅದನ್ನು ಮೆಚ್ಚಿಕೊಂಡರೆಂದು ಫುಟ್ ಹೇಳಿಕೊಂಡಿದ್ದರು. ಹಿಟ್ಲರನಿಗೆ ತಲೆಬಾಗುತ್ತ ಹೋದ ಬ್ರಿಟಿಷ್ ನಾಯಕರ ವಿರುದ್ಧ 1940ರಲ್ಲೇ ಪುಸ್ತಕ ಬರೆದವರಲ್ಲಿ ಒಬ್ಬರು ಈ ಫುಟ್. ಫ್ಯಾಸಿಸಂ ವಿರುದ್ಧ ಸತ್ತವರ ಬಗ್ಗೆ ಅವರ ಗೌರವವನ್ನು ಅಳೆಯಲು ಟೀಕಿಸಿದವರು ಕೋಟಿನ ಉದ್ದವನ್ನು ಬಳಸಿದರು. ಆ ಕೋಟು ಈಗ ಮ್ಯಾಂಚೆಸ್ಟರಿನ ಪೀಪಲ್ಸ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಹಾಗಾದರೆ ದುಃಖದಲ್ಲಿರುವವರು ಒಪ್ಪಿದರೆ ಸಾಕು, ಉಳಿದವರು ಬಾಯಿ ಮುಚ್ಚಬೇಕು ಎನ್ನೋಣವೇ? ಅದೂ ಅಷ್ಟು ಸುಲಭವಲ್ಲ. 2002ರ ಅಕ್ಟೋಬರ್ 25ರಂದು ಅಮೆರಿಕದ ಮಿನೆಸೋಟದ ಸೆನೆಟರ್ ಪಾಲ್ ವೆಲ್‌ಸ್ಟೋನ್ ತಮ್ಮ ಹೆಂಡತಿ, ಮಗಳೊಂದಿಗೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚುನಾವಣೆಗೆ ಉಳಿದದ್ದು 11 ದಿನ. ಶ್ರದ್ಧಾಂಜಲಿ ಸಭೆಯಲ್ಲಿ ಅವರ ಆಪ್ತ ಗೆಳೆಯರೊಬ್ಬರು ಉಕ್ಕಿ ಬಂದ ದುಃಖದಲ್ಲೇ ಅವರಿಗಾಗಿ ಈ ಚುನಾವಣೆ ಗೆಲ್ಲಿಸಿ ಎಂದು ಬೇಡಿಕೊಂಡರು. ಕೊನೆಯ ನಮನ ಸಲ್ಲಿಸಲು ಬಂದಿದ್ದ ರಿಪಬ್ಲಿಕನ್ ನಾಯಕ ಟ್ರೆಂಟ್ ಲಾಟ್ ಅವರಿಗೆ ಕೆಲವರು ಛೀಮಾರಿ ಹಾಕಿದರು. ಗವರ್ನರ್ ಜೆಸ್ಸಿ ವೆಂಚುರಾ ಎದ್ದು ಹೋದರು. ರಾಜಕೀಯವೇ ಉಸಿರಾಗಿದ್ದವನ ಶೋಕಸಭೆಯಲ್ಲಿ ರಾಜಕೀಯ ಬೇಡವೆನ್ನುವುದು ಹೇಗೆ ಎಂದು ವೆಲ್‌ಸ್ಟೋನ್ ಕಡೆಯವರು ಕೇಳಿದ್ದು ನ್ಯಾಯವೇ. ಪಕ್ಷ ಮರೆತು ಕಣ್ಣೀರು ಹಾಕಲು ಬಂದವರನ್ನು ಎದುರಾಳಿಗಳನ್ನಾಗಿ ಕಂಡದ್ದು ತಪ್ಪು ಎಂದವರದೂ ನ್ಯಾಯವೇ. ವೆಲ್‌ಸ್ಟೋನ್ ಬದಲಿಗೆ ಕಣಕ್ಕಿಳಿದ ವಾಲ್ಟರ್ ಮಾಂಡೇಲ್ ಸ್ವಲ್ಪದರಲ್ಲಿ ಸೋತರು.

ಬೆಂಗಳೂರಿನವರಿಗೆ ನೆನಪಿರುವ ಪ್ರಸಂಗ 2008ರದು. ಮುಂಬೈನ ತಾಜ್ ಹೋಟೆಲಿನಲ್ಲಿ ಹುತಾತ್ಮರಾದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಮನೆಗೆ ಆಗಿನ ಕೇರಳ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಸಾಂತ್ವನ ಹೇಳಲು ಬಂದರು. ಕೇರಳ ಸರ್ಕಾರದ ನಡವಳಿಕೆಯಿಂದ ನೊಂದಿದ್ದ ತಂದೆ ಅವರನ್ನು ಬರಗೊಡಲಿಲ್ಲ. ಮುಖ್ಯಮಂತ್ರಿ ಅದನ್ನು ಅಲ್ಲಿಗೆ ಬಿಡದೆ, ಅದು ಸಂದೀಪ್ ಮನೆಯಲ್ಲದಿದ್ದರೆ ನಾಯಿಯೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ ಎಂಬರ್ಥದ ಮಾತಾಡಿದರು. ದೇಶವೇ ಸಿಟ್ಟಿಗೆದ್ದಿತು, ಅವರು ವಿಷಾದ ವ್ಯಕ್ತಪಡಿಸಬೇಕಾಯಿತು. ಅವರ ಪರವಾಗಿಯೂ ಒಂದು ಮಾತಿದೆ: ವಯಸ್ಸಾದ ಮುಖ್ಯಮಂತ್ರಿ ತಾವಾಗಿ ಇನ್ನೊಂದು ರಾಜ್ಯಕ್ಕೆ ಬಂದರು, ಬಾಗಿಲಲ್ಲಿ ಮುಖಭಂಗವಾಯಿತು. ಆದರೂ ಮಗನನ್ನು ಕಳೆದುಕೊಂಡ ತಂದೆಯ ಸಿಟ್ಟಿಗೆ ಎದುರು ಸಿಟ್ಟು ತೋರುವ ಹಕ್ಕು ಯಾವ ಪದವಿಯಲ್ಲಿದ್ದವರಿಗೂ ಇಲ್ಲ.

ಸೋವೆಟೊದ ಆ ದಿನಕ್ಕೆ ಸಂಬಂಧಿಸಿದಂತೆ ನನ್ನ ತೀರ್ಮಾನ ಹೀಗಿದೆ. ಸೆಲ್ಫಿ ತಪ್ಪು, ಆದರೆ ಸಣ್ಣದು; ಯಾರ ದುಃಖವನ್ನೂ ಅದು ಹೀಯಾಳಿಸಲಿಲ್ಲ. ದಕ್ಷಿಣ ಆಫ್ರಿಕಾದ ಆಗಿನ ಅಧ್ಯಕ್ಷ ಜೇಕಬ್ ಜೂಮಾ ಮುಖ ಪರದೆಯ ಮೇಲೆ ಬಂದಾಗಲೆಲ್ಲ ಜನ ಕೂಗಿ ವಿರೋಧಿಸಿದ್ದು, ಆಟಗಾರನನ್ನು ಬದಲಿಸಿ ಎಂದು ಕೈ ತಿರುಗಿಸಿ ತೋರಿಸಿದ್ದು ಸಭಾಮರ್ಯಾದೆ ಮೀರಿದ್ದು ನಿಜ. ಮಂಡೇಲಾ ಮುನ್ನಡೆಸಿದ ಪಕ್ಷ ಎತ್ತ ಹೋಗುತ್ತಿದೆ ಎಂದು ಕೇಳಲು ಅವರಿಗೆ ಅದಕ್ಕಿಂತ ತಕ್ಕ ದಿನವೂ ಇರಲಿಲ್ಲ. ಅಂದು ನಡೆದ ನಿಜವಾದ ಅಗೌರವ ಬೇರೆಯೇ. ಭಾಷಣಕಾರರ ಪಕ್ಕದಲ್ಲಿ ಸಂಜ್ಞಾಭಾಷೆಯ ದುಭಾಷಿ ಎಂದು ಸರ್ಕಾರ ನಿಲ್ಲಿಸಿದ್ದ ವ್ಯಕ್ತಿಯ ಸನ್ನೆಗಳಿಗೆ ಯಾವ ಅರ್ಥವೂ ಇರಲಿಲ್ಲ. ದಕ್ಷಿಣ ಆಫ್ರಿಕಾದ ಕಿವುಡರ ಸಂಘಟನೆ ಇದನ್ನು ಹೇಳಿದ ಮೇಲಷ್ಟೇ ಹೊರಗಿನವರಿಗೆ ತಿಳಿಯಿತು. ಎಲ್ಲರೂ ಸಮಾನರೆಂದು 27 ವರ್ಷ ಸೆರೆಯಲ್ಲಿ ಕಳೆದವರ ಶ್ರದ್ಧಾಂಜಲಿಯಲ್ಲಿ ಆ ದೇಶದ ಕಿವುಡ ಪ್ರಜೆಗಳಿಗೆ ಒಂದು ಮಾತೂ ತಲುಪಲಿಲ್ಲ. ಅಂದಿನ ಸಭೆಯ ಬಗ್ಗೆ ಯಾರಾದರೂ ಕ್ಷಮೆ ಕೇಳಬೇಕಿದ್ದರೆ, ಮೊದಲು ಕೇಳಬೇಕಿದ್ದುದು ಅವರನ್ನು.