ಸಂಜೆ ಐದರ ಸಾಹಿತ್ಯ, ಮನೆಯ ಕಾಫಿ

ಬೆಳಗಿನ ಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’ ಅಂತ ಒಂದು ಪುಟ್ಟ ಅಂಕಣ ಇರುತ್ತದಲ್ಲ, ಅದನ್ನು ಎಂದಾದರೂ ಗಮನವಿಟ್ಟು ಓದಿದ್ದೀರಾ? ಪುಸ್ತಕ ಬಿಡುಗಡೆ, ಕವಿಗೋಷ್ಠಿ, ದತ್ತಿ ಉಪನ್ಯಾಸ, ಕಥಾ ಕಮ್ಮಟ... ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹಿಡಿದು ಬಡಾವಣೆಯ ಪುಟ್ಟ ಸಂಘದವರೆಗೆ, ಬೆಂಗಳೂರಿನಲ್ಲಿ ಸಾಹಿತ್ಯದ ಕಾರ್ಯಕ್ರಮ ಇಲ್ಲದ ವಾರ ಸಿಗುವುದೇ ಕಷ್ಟ. ಬಹುಪಾಲು ಸಭೆಗಳಿಗೆ ಟಿಕೆಟ್ಟೂ ಇಲ್ಲ. ‘ಸರ್ವರಿಗೂ ಆದರದ ಸ್ವಾಗತ’ ಅಂತ ಬೇರೆ ಹಾಕಿರುತ್ತಾರೆ. ಆದರೆ ಅದರ ಪಕ್ಕದಲ್ಲೇ ಸಮಯ ಅಚ್ಚಾಗಿರುತ್ತದೆ ನೋಡಿ: ಸಂಜೆ ಐದಕ್ಕೆ!

ಸಂಜೆ ಐದು ಯಾರಿಗೆ ಬಿಡುವು, ನೀವೇ ಹೇಳಿ. ಮಗ ಸ್ಕೂಲಿಂದ ಬಂದು ಬ್ಯಾಗು ಎಸೆದು ‘ಅಮ್ಮಾ, ತಿನ್ನೋಕೆ ಏನಿದೆ?’ ಅನ್ನುವ ಹೊತ್ತು ಅದು. ಮಾವನವರ ಕಾಫಿಯ ಹೊತ್ತು. ಮಗಳನ್ನು ಟ್ಯೂಷನ್ನಿಗೆ ಬಿಟ್ಟು ಬರುವಾಗಲೇ ಸೊಪ್ಪು ತರಬೇಕು, ಚಪಾತಿಗೆ ಹಿಟ್ಟು ಕಲಸಿಡಬೇಕು. ಆ ಹೊತ್ತಿಗೆ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ನಿಶ್ಚಿಂತೆಯಿಂದ ಹೊರಡಬಲ್ಲವರು ನಿವೃತ್ತರಾದ ಗಂಡಸರು ಮಾತ್ರ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಪಾಪ. ಅವರೂ ಬರದಿದ್ದರೆ ಎಷ್ಟೋ ಸಭೆಗಳಲ್ಲಿ ಭಾಷಣಕಾರರು ಕುರ್ಚಿಗಳಿಗೇ ಮಾತಾಡಬೇಕಾಗುತ್ತಿತ್ತು. ಆದರೆ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ಮಧ್ಯಾಹ್ನದ ನಿದ್ದೆ ಬಿಟ್ಟು ಓದಿದವರು ಯಾರು? ಬಾಡಿಗೆ ಲೈಬ್ರರಿಗಳಿಗೆ ತಪ್ಪದೆ ದುಡ್ಡು ಕೊಟ್ಟವರು ಯಾರು? ನಮ್ಮಮ್ಮ, ನಿಮ್ಮಮ್ಮ, ಅತ್ತೆಯಂದಿರು. ಓದುವವರಿಗೇ ಆಗದ ಹೊತ್ತಿನಲ್ಲಿ ಸಾಹಿತ್ಯದ ಸಭೆ ಇಟ್ಟು, ‘ಜನ ಬರೋದೇ ಇಲ್ಲ’ ಅಂತ ಕೊರಗಿದರೆ ಹೇಗೆ?

ಇನ್ನು, ಹೇಗೋ ಹೊಂದಿಸಿಕೊಂಡು ಹೋದೆವು ಅನ್ನಿ. ಅಲ್ಲಿ ನಮಗೆ ಕೊಡುವ ಕೆಲಸ ಯಾವುದು? ಆಹ್ವಾನ ಪತ್ರಿಕೆಯ ಕೊನೆಯ ಸಾಲು ನೋಡಿ. ಪ್ರಾರ್ಥನೆ: ಶ್ರೀಮತಿ ಇಂಥವರು. ನಿರೂಪಣೆ: ಶ್ರೀಮತಿ ಇಂಥವರು. ವಂದನಾರ್ಪಣೆಯೂ ಶ್ರೀಮತಿಯೇ. ಮಧ್ಯದಲ್ಲಿ ದಪ್ಪಕ್ಷರದಲ್ಲಿರುವ ಉದ್ಘಾಟನೆ, ಅಧ್ಯಕ್ಷತೆ, ಕೃತಿ ಪರಿಚಯಗಳೆಲ್ಲ ಶ್ರೀಯುತರಿಗೆ. ನಮ್ಮ ಕಡೆಯ ಒಂದು ಸಂಘದವರು ಮೂರು ವರ್ಷ ನನ್ನನ್ನು ಪ್ರಾರ್ಥನೆಗೆ ಮಾತ್ರ ಕರೆದರು. ಒಮ್ಮೆ ‘ಸರ್, ನಾನೂ ಒಂದು ಪದ್ಯ ಓದಲಾ?’ ಅಂದೆ. ‘ಮುಂದಿನ ಸಲ ನೋಡೋಣಮ್ಮ’ ಅಂದರು. ಆ ಮುಂದಿನ ಸಲಕ್ಕೂ ಬಂದದ್ದು ಪ್ರಾರ್ಥನೆಯ ಕರೆಯೇ. ನಾನು ಹೋಗಲಿಲ್ಲ.

ಇದು ನನ್ನೊಬ್ಬಳ ಗೊಣಗಾಟ ಅಂದುಕೊಳ್ಳಬೇಡಿ. ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಕುರ್ಚಿಯಲ್ಲಿ ಮೊದಲ ಬಾರಿ ಒಬ್ಬ ಹೆಂಗಸು ಕುಳಿತದ್ದು 1974ರಲ್ಲಿ, ಮಂಡ್ಯದಲ್ಲಿ. ಅವರು ಜಯದೇವಿತಾಯಿ ಲಿಗಾಡೆ. ಆಮೇಲೆ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, 2010ರಲ್ಲಿ ಗೀತಾ ನಾಗಭೂಷಣ. 87 ಸಮ್ಮೇಳನಗಳಲ್ಲಿ ಲೆಕ್ಕ ಹಾಕಿದರೆ ನಾಲ್ಕೇ ಜನ! 88ನೆಯದಕ್ಕೆ ಬಾನು ಮುಷ್ತಾಕ್ ಅವರನ್ನು ಆರಿಸಿದ್ದು 2025ರಲ್ಲಿ. ಅದೂ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ.

ಹೆಂಗಸರು ಸುಮ್ಮನೆ ಕುಳಿತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಚಾಮರಾಜಪೇಟೆಯಲ್ಲಿ ಪರಿಷತ್ತಿನಿಂದ ಅಷ್ಟೇನೂ ದೂರವಿಲ್ಲದ ‘ಮಕ್ಕಳ ಕೂಟ’ ನಿಮಗೆ ಗೊತ್ತಿರಬಹುದು. ಅದನ್ನು ಕಟ್ಟಿದ ಆರ್. ಕಲ್ಯಾಣಮ್ಮ 1921ರಲ್ಲೇ ‘ಸರಸ್ವತಿ’ ಎಂಬ ಮಾಸಪತ್ರಿಕೆ ಶುರು ಮಾಡಿ ನಾಲ್ಕು ದಶಕ ನಡೆಸಿದರು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ಹಾಸ್ಯ ಬರೆಯುತ್ತಿದ್ದ ಟಿ. ಸುನಂದಮ್ಮ. ಮನೆ, ಅಡುಗೆಮನೆ, ನೆಂಟರು, ಗಂಡ ಇವನ್ನೇ ಇಟ್ಟುಕೊಂಡು ನಗಿಸಿದವರು. ಅಲ್ಲಿ ಲೇಖಕಿಯರೂ ಅವರ ಮನೆಯವರೂ ಇಟ್ಟ ದತ್ತಿನಿಧಿಯ ಬಡ್ಡಿಯಿಂದ ಬಹುಮಾನ ಕೊಡುತ್ತಾರೆ. ಹೆಂಗಸರದೇ ಬೇರೆ ಸಂಘ ಯಾಕೆ ಅಂತ ಈಗಲೂ ಕೇಳುವವರಿದ್ದಾರೆ. ಅವರಿಗೆ ಆಹ್ವಾನ ಪತ್ರಿಕೆಯ ಆ ಕೊನೆಯ ಸಾಲು ತೋರಿಸಿದರೆ ಸಾಕು.

ಆದರೂ ನಾನು ಹೇಳುವುದು, ಹೋಗಿ. ಅದರಲ್ಲೂ ಕಮ್ಮಟಕ್ಕೆ ಹೋಗಿ. ಭಾಷಣ ಕೇಳುವುದೇ ಬೇರೆ, ಕಮ್ಮಟವೇ ಬೇರೆ. ಮನೆಯಲ್ಲಿ ನಾವು ಬರೆದದ್ದನ್ನು ತೋರಿಸಿದರೆ ಎರಡೇ ಉತ್ತರ ಸಿಗುವುದು: ‘ಚೆನ್ನಾಗಿದೆ ಕಣೆ, ಊಟಕ್ಕೆ ಬಡಿಸು’ ಅಥವಾ ‘ಇದನ್ನೆಲ್ಲ ಯಾಕೆ ಬರೀತೀಯ?’ ಕಮ್ಮಟದಲ್ಲಿ ಹತ್ತಿಪ್ಪತ್ತು ಅಪರಿಚಿತರು ಕುಳಿತು ಕೇಳುತ್ತಾರೆ. ‘ನಿಮ್ಮ ಕತೆ ಮೂರನೇ ಪುಟದಲ್ಲಿ ಶುರುವಾಗುತ್ತೆ, ಮೊದಲ ಎರಡು ಹರಿದುಹಾಕಿ’ ಅನ್ನುತ್ತಾರೆ. ‘ಈ ಅತ್ತೆ ಬರೀ ಬೈತಾಳಲ್ಲ, ಅವಳಿಗೆ ಬೇರೆ ಮಾತೇ ಬರಲ್ವಾ?’ ಅನ್ನುತ್ತಾರೆ. ಮೊದಲು ಚುರುಕ್ ಅನ್ನಿಸುತ್ತೆ. ಆಮೇಲೆ ರಾತ್ರಿ ಪಾತ್ರೆ ತೊಳೆಯುವಾಗ ಅತ್ತೆಯ ಬೇರೆ ಮಾತುಗಳು ನೆನಪಾಗತೊಡಗುತ್ತವೆ.

ನಾನು ಹೋಗಿದ್ದ ಒಂದು ಕಮ್ಮಟದಲ್ಲಿ ಐವತ್ತು ದಾಟಿದ ಒಬ್ಬರು ಪಕ್ಕದಲ್ಲಿ ಕುಳಿತಿದ್ದರು. ಅವರ ನೋಟ್‌ಬುಕ್ ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇರುತ್ತಿತ್ತಂತೆ. ನಾದಿನಿಯ ಮದುವೆಗೆ ತಮ್ಮ ಒಡವೆ ಕೊಟ್ಟದ್ದು, ಅದು ತಿರುಗಿ ಬಾರದ್ದು, ಮೂವತ್ತು ವರ್ಷ ಅದರ ಮಾತೇ ಯಾರೂ ಎತ್ತದಿದ್ದದ್ದು, ಇದೇ ಕತೆ. ಓದುವ ಸರದಿ ಬಂದಾಗ ‘ಬೇಡ, ಮನೇಲಿ ಗೊತ್ತಾದ್ರೆ ಯಾರ ಕತೆ ಅಂತ ತಿಳಿದುಹೋಗತ್ತೆ’ ಅಂದರು. ನಡೆಸಿಕೊಡುತ್ತಿದ್ದ ಲೇಖಕಿ ಬಲವಂತ ಮಾಡಲಿಲ್ಲ. ‘ಹಾಗಾದರೆ ನಾದಿನಿಯ ಬಾಯಲ್ಲಿ ಹೇಳಿಸಿ ನೋಡಿ’ ಅಂದರು. ಮರುದಿನ ಅವರು ಹಾಗೇ ಬರೆದುಕೊಂಡು ಬಂದು ಓದಿದರು. ಒಡವೆ ಹಾಕಿಕೊಂಡು ಹಸೆಮಣೆ ಏರಿದವಳಿಗೆ ಅತ್ತಿಗೆಯ ಬೋಳು ಕೊರಳು ಕಂಡದ್ದು, ಕಂಡರೂ ಸುಮ್ಮನಾದದ್ದು. ನಾವ್ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮನೆಯವರ ಬಗ್ಗೆ ಬರೆಯಬಾರದು ಅನ್ನುವ ಭಯ ನಮ್ಮಲ್ಲಿ ಬಹಳ ಜನಕ್ಕಿದೆ. ಅದನ್ನು ದಾಟುವ ದಾರಿ ಒಬ್ಬಳೇ ಕುಳಿತರೆ ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ.

ಕತೆ ಕವಿತೆಯೇ ಆಗಬೇಕೆಂದೇನೂ ಇಲ್ಲ. ಪರಿಷತ್ತು ಕಾವ, ಜಾಣ, ರತ್ನ ಎಂಬ ಕನ್ನಡ ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ಮದುವೆಯಾಗಿ ಓದು ಅರ್ಧಕ್ಕೆ ನಿಂತ ಎಷ್ಟೋ ಹೆಂಗಸರು ಮಕ್ಕಳ ಜೊತೆ ತಾವೂ ಕುಳಿತು ಇವನ್ನು ಪಾಸು ಮಾಡಿದ್ದಾರೆ. ಹಾಡಿಕೊಳ್ಳುವವರಿಗೆ ಗಮಕ ತರಗತಿಗಳಿವೆ.

ಇನ್ನೊಂದು ಎಚ್ಚರಿಕೆ. ನಾಲ್ಕು ಪದ್ಯ ಪ್ರಕಟವಾದ ಕೂಡಲೇ ಕೆಲವರಿಗೆ ಫೋನ್ ಬರುತ್ತದೆ: ‘ಮೇಡಂ, ನೀವು ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಳಿಸಿ.’ ಶಾಲು, ಹಾರ, ಫಲಕ, ಫೋಟೋ ಎಲ್ಲ ನಮ್ಮದೇ ದುಡ್ಡಲ್ಲಿ! ದುಡ್ಡು ಕೇಳುವ ಪ್ರಶಸ್ತಿಗೆ ಬೇಡ ಅನ್ನಿ. ಪುಸ್ತಕ ಮಾಡಿಕೊಡುತ್ತೇವೆ ಎಂದು ಹಣ ಕೇಳುವವರ ಬಳಿ ಎಷ್ಟು ಪ್ರತಿ, ನಿಮಗೆಷ್ಟು, ಮಾರಾಟದ ಹೊಣೆ ಯಾರದು ಎಂಬುದನ್ನು ಬರೆಸಿಕೊಳ್ಳದೆ ಒಂದು ರೂಪಾಯಿಯೂ ಕೊಡಬೇಡಿ. ಕಟ್ಟುಗಟ್ಟಲೆ ಪುಸ್ತಕ ಮಂಚದ ಕೆಳಗೆ ಇಟ್ಟುಕೊಂಡು ಕಸ ಗುಡಿಸುವಾಗಲೆಲ್ಲ ಸಂಕಟಪಡುವ ಗೆಳತಿಯರು ನನಗಿದ್ದಾರೆ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಅದಕ್ಕೆ ವಯಸ್ಸಿನ ಮಿತಿ ಇದೆ. ನಮ್ಮಲ್ಲಿ ಎಷ್ಟು ಜನಕ್ಕೆ ಪೆನ್ನು ಹಿಡಿಯಲು ಬಿಡುವು ಸಿಗುವುದೇ ಮಕ್ಕಳು ಕಾಲೇಜು ಸೇರಿದ ಮೇಲೆ! 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ಅಂದರೆ ನಲವತ್ತೈದು ದಾಟಿದ ಮೇಲೆ. ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಅವರು ಇವತ್ತು ಅರ್ಜಿ ಹಾಕಿದರೆ ‘ಅಜ್ಜೀ, ನಿಮಗೆ ವಯಸ್ಸಾಯ್ತು’ ಅನ್ನುತ್ತಿದ್ದರೇನೋ.

ಮನೆಯಲ್ಲಿ ಹೇಗೆ ಹೇಳೋದು ಅಂತೀರಾ? ‘ಹೋಗಲಾ?’ ಅಂತ ಕೇಳಬೇಡಿ. ಕೇಳಿದರೆ ಯಾರಾದರೂ ಏನಾದರೂ ನೆಪ ತೆಗೆಯುತ್ತಾರೆ. ‘ಶನಿವಾರ ಸಂಜೆ ಪರಿಷತ್ತಿಗೆ ಹೋಗ್ತಿದ್ದೀನಿ, ಎಂಟಕ್ಕೆ ಬರ್ತೀನಿ’ ಅಂತ ಎರಡು ದಿನ ಮೊದಲೇ ಹೇಳಿಬಿಡಿ. ನಿಮ್ಮೆಜಮಾನ್ರು ಕ್ರಿಕೆಟ್ ನೋಡಲು ಸ್ನೇಹಿತರ ಮನೆಗೆ ಹೋಗುವಾಗ ಹೀಗೇ ತಾನೇ ಹೇಳುವುದು? ಬಸ್ ಖರ್ಚಿನ ನೆಪವೂ ಈಗಿಲ್ಲ, 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಫ್ರೀ. ಒಬ್ಬರೇ ಹೋಗಲು ಸಂಕೋಚವಾದರೆ ಪಕ್ಕದ ಮನೆಯವರನ್ನೂ ಹೊರಡಿಸಿ.

ಸಂಘಟಕರಿಗೂ ಒಂದು ಮಾತು ಮುಟ್ಟಿಸಬೇಕು. ಆಹ್ವಾನ ಪತ್ರಿಕೆಯ ಕೆಳಗೆ ಫೋನ್ ನಂಬರ್ ಇದ್ದೇ ಇರುತ್ತದೆ. ತಿಂಗಳಿಗೆ ಒಂದು ಸಭೆಯನ್ನಾದರೂ ಬುಧವಾರವೋ ಗುರುವಾರವೋ ಬೆಳಗ್ಗೆ ಹನ್ನೊಂದಕ್ಕೆ ಇಡಿ ಅಂತ ಕೇಳಿ. ಮಕ್ಕಳು ಸ್ಕೂಲಲ್ಲಿ, ಗಂಡ ಆಫೀಸಲ್ಲಿ, ತಿಂಡಿ ಮುಗಿದಿರುತ್ತೆ, ಒಂದೂವರೆಗೆ ಮನೆ ಸೇರಬಹುದು. ಸಭಾಂಗಣದ ಬಾಡಿಗೆಯೂ ಆ ಹೊತ್ತಿಗೆ ಅವರಿಗೆ ಹೊರೆಯಾಗಲಿಕ್ಕಿಲ್ಲ. ‘ಪ್ರಾರ್ಥನೆಗೆ ಬರ್ತೀರಾ?’ ಅಂತ ಅವರು ಕೇಳಿದರೆ, ‘ಬರ್ತೀನಿ, ಜೊತೆಗೆ ಹತ್ತು ನಿಮಿಷ ಓದೋಕೂ ಅವಕಾಶ ಕೊಡಿ’ ಅನ್ನಿ.

ಅಲ್ಲಿಯವರೆಗೆ ಸಂಜೆ ಐದರ ಸಭೆಗೇ ಹೋಗೋಣ. ಡಿಕಾಕ್ಷನ್ ಇಳಿಸಿಟ್ಟು, ಹಾಲಿನ ಪಾತ್ರೆ ಯಾವುದು, ಸಕ್ಕರೆ ಡಬ್ಬ ಯಾವುದು ಅಂತ ಮನೆಯವರಿಗೆ ತೋರಿಸಿ ಹೊರಡಿ.