ಮಗ್ಗದ ಸದ್ದು, ಅಪ್ಪನ ಕಿವಿ ಮತ್ತು ನನ್ನ ಹೈ-ಫೈ ಕಂಪ್ಯೂಟರ್

ನಮ್ಮ ಮನೆ ಇರೋದು ದೊಡ್ಡಬಳ್ಳಾಪುರದಲ್ಲಿ, ವಿದ್ಯುತ್ ಮಗ್ಗಗಳ ಬೀದಿಯಲ್ಲಿ. ಬೆಳಗಾದರೆ ಅಕ್ಕಪಕ್ಕದಿಂದ ಖಟ ಖಟ ಖಟ ಖಟ. ಇಂಥ ಕಡೆ ಕೂತ್ಕೊಂಡು ನಾನು ಹೈ-ಫೈ ಬಗ್ಗೆ ಬರೀತೀನಿ ಅಂದ್ರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ನಕ್ಕು ಮುಗಿದ ಮೇಲೆ ಓದಿ :-)

ಎರಡು ವರ್ಷದ ಹಿಂದೆ ಬೋನಸ್ ಬಂದಾಗ ಒಂದು ಆಂಪ್ಲಿಫೈಯರು, ಒಂದು ಜೊತೆ ಸ್ಪೀಕರು ಕೊಂಡೆ. ಸಿ.ಡಿ. ಪ್ಲೇಯರ್ ತಗೊಳ್ಳಲಿಲ್ಲ. ಹಾಡು ಹಾಕೋಕೆ ಮನೇಲಿರೋ ಹಳೇ ಲ್ಯಾಪ್‌ಟಾಪೇ ಸಾಕು ಅನ್ನೋದು ನನ್ನ ವಾದ. ಸಿ.ಡಿ.ಯಲ್ಲಿರೋದು ಅಂಕಿಗಳು ತಾನೆ? ೧೯೮೨ರಲ್ಲಿ ಅದು ಮಾರುಕಟ್ಟೆಗೆ ಬಂದಾಗಿನಿಂದ ಲೆಕ್ಕ ಒಂದೇ. ಸೆಕೆಂಡಿಗೆ ೪೪,೧೦೦ ಅಳತೆ, ಒಂದೊಂದು ಅಳತೆಗೆ ೧೬ ಬಿಟ್. ಆ ಅಂಕಿಗಳನ್ನ ತಪ್ಪಿಲ್ಲದೆ ಓದಿ ಕೊಡೋ ಕೆಲಸಕ್ಕೆ ಕಂಪ್ಯೂಟರಿಗಿಂತ ಬೇಕಾ? ಅಂಕಿಯನ್ನ ಮತ್ತೆ ಸದ್ದಿನ ಅಲೆಯಾಗಿ ಮಾಡೋ ಕೆಲಸ ಮಾತ್ರ ಲ್ಯಾಪ್‌ಟಾಪಿನೊಳಗಿನ ಅಗ್ಗದ ಚಿಪ್ಪಿಗೆ ಬಿಡದೆ, ಹೊರಗೊಂದು ಯು.ಎಸ್.ಬಿ. ಡ್ಯಾಕ್ ಡಬ್ಬಿ ಇಟ್ಟು ಅದಕ್ಕೆ ವಹಿಸಬೇಕು. ಅಷ್ಟೆ.

ಮೊದಲ ದಿನ ಹಾಡಿಗಿಂತ ಮುಂಚೆ "ಗುಂಯ್" ಅನ್ನೋ ಸದ್ದು ಬಂತು. ಲ್ಯಾಪ್‌ಟಾಪಿನ ಅಡಾಪ್ಟರು ಒಂದು ಗೋಡೆಯ ಪ್ಲಗ್ಗಿಗೆ, ಆಂಪ್ಲಿಫೈಯರು ಇನ್ನೊಂದು ಗೋಡೆಗೆ ಹಾಕಿದ್ದೆ. ಎರಡು ಅರ್ತಿಂಗ್ ನಡುವೆ ಸುತ್ತುವ ೫೦ ಹರ್ಟ್ಸ್ ಕರೆಂಟಿನ ಕಾಟ ಅದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ಹೋಯ್ತು. (ಅರ್ತ್ ಪಿನ್ ಮುರಿಯೋ ಬುದ್ಧಿವಂತಿಕೆ ಮಾತ್ರ ಬೇಡ. ಸದ್ದು ಹೋಗುತ್ತೆ, ಹಾಡು ಕೇಳೋಕೆ ನೀವೂ ಇರಲ್ಲ.) ವಿಂಡೋಸಿನ ಮಿಕ್ಸರ್ ಹಾಡನ್ನ ಕಲಸಬಾರದು ಅಂತ ಫೂಬಾರ್‌೨೦೦೦ ತಂತ್ರಾಂಶದಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್ ಹಾಕಿದೆ. ಈಗ ಫೈಲಿನಲ್ಲಿದ್ದ ಒಂದೊಂದು ಬಿಟ್ಟೂ ಹಾಗ್ಹಾಗೇ ಡ್ಯಾಕಿಗೆ ಹೋಗುತ್ತೆ. ಎಂಜಿನಿಯರಿಂಗ್ ಓದಿದ್ದು ಸಾರ್ಥಕ ಅನ್ನಿಸ್ತು.

ಅಪ್ಪನನ್ನ ಕರೆದು ಎದುರಿಗೆ ಕೂರಿಸಿದೆ. ಅವರಿಗಿಷ್ಟ ಅಂತ 'ನಿತ್ಯೋತ್ಸವ' ಹಾಕಿದೆ. ನಮ್ಮ ಜಿಲ್ಲೆಯ ದೇವನಹಳ್ಳಿಯಲ್ಲೇ ಹುಟ್ಟಿದ ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ೧೯೭೮ರಲ್ಲಿ ಬಂದ ಈ ಕ್ಯಾಸೆಟ್ಟು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತಲೇ ಹೆಸರಾದದ್ದು. ಅಪ್ಪ ಸುಮ್ಮನೆ ಕೇಳಿದರು. ಹಾಡು ಮುಗಿದ ಮೇಲೆ ಅಂದ್ರು, "ಚೆನ್ನಾಗೈತೆ ಕಣೋ. ರಾಗ ಕೇಳ್ತೈತೆ, ಮಾತು ಕೇಳಲ್ಲ."

ಆ ಒಂದು ಮಾತಿಗೆ ನನ್ನ ಬಿಟ್ಟು, ಮೋಡು ಎಲ್ಲಾ ನೆಲಕ್ಕೆ ಬಿತ್ತು.

ಅಪ್ಪ ಮೂವತ್ತು ವರ್ಷಕ್ಕೂ ಮೇಲೆ ಮಗ್ಗ ನಡೆಸಿದವರು. ಮಗ್ಗದ ಶೆಡ್ಡಿನೊಳಗೆ ಸದ್ದು ೯೦ ಡೆಸಿಬೆಲ್ ದಾಟುತ್ತೆ. ದಿನಕ್ಕೆ ಎಂಟು ಹತ್ತು ಗಂಟೆ, ಕಿವಿಗೆ ಹತ್ತಿಯೂ ಇಲ್ಲ. ಇಂಥ ಸದ್ದು ಕಿವಿಯನ್ನ ಒಂದೇ ಸಲ ಕೆಡಿಸಲ್ಲ. ಮೊದಲು ತಿನ್ನೋದು ೪,೦೦೦ ಹರ್ಟ್ಸ್ ಸುತ್ತಮುತ್ತಲ ಭಾಗವನ್ನ. ತಗ್ಗು ಸ್ವರಗಳು ಚೆನ್ನಾಗೇ ಕೇಳ್ತಾ ಇರುತ್ತೆ, ಅದಕ್ಕೇ ಕಿವಿ ಸರಿಯಿದೆ ಅಂದ್ಕೊಂಡಿರ್ತಾರೆ. ಆದರೆ 'ಸ', 'ಶ', 'ತ', 'ಚ' ಇಂಥ ಅಕ್ಷರಗಳ ಚೂಪು ಇರೋದು ಆ ಮೇಲಿನ ಭಾಗದಲ್ಲೇ. ಅದು ಹೋದರೆ ಸ್ವರ ಉಳಿಯುತ್ತೆ, ಸಾಹಿತ್ಯ ಹೋಗುತ್ತೆ. ಭಾವಗೀತೆಯಲ್ಲಿ ಸಾಹಿತ್ಯ ಹೋದಮೇಲೆ ಇನ್ನೇನಿದೆ ಸ್ವಾಮಿ?

ತಪ್ಪು ಪೂರ್ತಿ ಅಪ್ಪನ ಕಿವಿಯದ್ದೂ ಅಲ್ಲ. ನಾನು ಹಾಕಿದ್ದು ಯಾವುದೋ ಅಂಗಡಿಯ 'ನೂರು ಹಾಡು' ಎಂ.ಪಿ.೩ ಡಿಸ್ಕಿಂದ ಕಾಪಿ ಮಾಡಿದ ಫೈಲು, ೧೨೮ ಕೆ.ಬಿ.ಪಿ.ಎಸ್. ಸಿ.ಡಿ.ಯದ್ದು ೧,೪೧೧. ಅಂದರೆ ಹನ್ನೊಂದರಲ್ಲಿ ಒಂದು ಪಾಲು ಉಳಿಸಿ ಮಿಕ್ಕಿದ್ದನ್ನ ಎಸೆದದ್ದು, ಅದೂ ಯಾರು ಎಷ್ಟನೇ ಸಲ ಕಾಪಿ ಮಾಡಿದ್ದೋ. ಅದನ್ನ 'ಹಾಗ್ಹಾಗೇ' ಡ್ಯಾಕಿಗೆ ಕೊಟ್ಟೆ ಅಂತ ನಾನು ಬೀಗಿದ್ದು!

ಅಟ್ಟದ ಟ್ರಂಕಿನಲ್ಲಿ ಅಪ್ಪನ ಕ್ಯಾಸೆಟ್ಟು ಇನ್ನೂ ಇತ್ತು. ಪರಿಚಯದವರಿಂದ ಡೆಕ್ ಕೇಳಿ ತಂದು, ಹೆಡ್ಡನ್ನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೆಡ್ಡಿನ ಪುಟ್ಟ ತಿರುಪನ್ನ ಸಾಹಿತ್ಯ ಸ್ಪಷ್ಟವಾಗೋವರೆಗೂ ಕೂದಲೆಳೆಯಷ್ಟು ತಿರುಗಿಸಿದೆ. ಲೈನ್-ಇನ್ ಇರೋ ಯು.ಎಸ್.ಬಿ. ಸೌಂಡ್ ಕಾರ್ಡಿನ ಮೂಲಕ ಆಡಾಸಿಟಿಯಲ್ಲಿ ೨೪ ಬಿಟ್ಟಿಗೆ ರೆಕಾರ್ಡ್ ಮಾಡಿ, ಏನೂ ಕಳೆಯದ ಫ್ಲ್ಯಾಕ್ ಫೈಲಾಗಿ ಇಟ್ಟೆ. ಕ್ಯಾಸೆಟ್ಟಿನ ಸುಯ್ ಸದ್ದು ತೆಗೆಯೋಕೆ ಹೋಗಲಿಲ್ಲ. ತೆಗೆದರೆ ಅದರ ಜೊತೆ 'ಸ'ಕಾರವೂ ಹೋಗುತ್ತೆ.

ಆಮೇಲೆ ಹೈ-ಫೈ ಪಂಡಿತರು ಕೇಳಿದರೆ ಬೈಯೋ ಕೆಲಸ ಮಾಡಿದೆ. ಎಕ್ಸ್‌ಕ್ಲೂಸಿವ್ ಮೋಡ್ ತೆಗೆದು, ಈಕ್ವಲೈಜರ್ ಎ.ಪಿ.ಓ. ಅನ್ನೋ ಉಚಿತ ತಂತ್ರಾಂಶ ಹಾಕಿದೆ (ಆ ಮೋಡ್ ಇದ್ದರೆ ಇದು ಕೆಲಸ ಮಾಡಲ್ಲ). ಒಟ್ಟು ಮಟ್ಟವನ್ನ ೮ ಡೆಸಿಬೆಲ್ ಇಳಿಸಿ, ೩,೦೦೦ದಿಂದ ೫,೦೦೦ ಹರ್ಟ್ಸ್ ಭಾಗವನ್ನ ಮೆಲ್ಲಗೆ ೬ ಡೆಸಿಬೆಲ್ ಎತ್ತಿದೆ. ಮೊದಲು ಇಳಿಸದೇ ಎತ್ತಿದರೆ ಅಲೆಯ ತುದಿ ಕತ್ತರಿಸಿ ಕರ್ಕಶ ಆಗುತ್ತೆ. ನನ್ನ ಕಿವಿಗೆ ಅದು ಚುಚ್ಚಿದ ಹಾಗಿತ್ತು. ಅಪ್ಪ ಮಾತ್ರ ಎರಡನೇ ಸಾಲಿಗೇ ತುಟಿ ಆಡಿಸೋಕೆ ಶುರು ಮಾಡಿದರು. ಮೂರನೇ ಸಾಲಿಗೆ ನಾನು ಎದ್ದು ನೀರು ಕುಡಿಯೋ ನೆಪದಲ್ಲಿ ಅಡುಗೆಮನೆಗೆ ಹೋದೆ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ಹೈ-ಫೈ ಅಂದರೆ ನಿಷ್ಠೆ. ಆದರೆ ಯಾರಿಗೆ ನಿಷ್ಠೆ? ರೆಕಾರ್ಡಿಂಗಿಗೆ ಅಂತಾರೆ ಪಂಡಿತರು. ಫೈಲ್ ಕೂಡಿಡುವಾಗ ನಾನೂ ಅದನ್ನ ಒಪ್ತೀನಿ, ಅಲ್ಲಿ ಒಂದು ಬಿಟ್ಟೂ ಮುಟ್ಟಬಾರದು. ಕೇಳಿಸುವಾಗ ಮಾತ್ರ ನಿಷ್ಠೆ ಎದುರಿಗೆ ಕೂತವರ ಕಿವಿಗಿರಬೇಕು. ಸಿ.ಡಿ. ಪ್ಲೇಯರಿನಲ್ಲಿ ಹೆಚ್ಚೆಂದರೆ ಒಂದು ಗುಂಡಿ ತಿರುಗಿಸಬಹುದು. ಮನೆ ಕಂಪ್ಯೂಟರಿನಲ್ಲಿ ಮೂಲ ಹಾಗೇ ಇರುತ್ತೆ, ಅಪ್ಪನಿಗೊಂದು ಸೆಟ್ಟಿಂಗು, ನನಗೊಂದು ಸೆಟ್ಟಿಂಗು. ಅದರ ನಿಜವಾದ ದೊಡ್ಡಸ್ತಿಕೆ ಅದೇ. ೧೯೨ ಕಿಲೋಹರ್ಟ್ಸ್ ಫೈಲು, ಸಾವಿರಾರು ರೂಪಾಯಿಯ ಯು.ಎಸ್.ಬಿ. ಕೇಬಲ್ಲು ಇವಕ್ಕೆಲ್ಲ ದುಡ್ಡು ಸುರಿಯೋ ಮುಂಚೆ ಯಾರು ಕೇಳ್ತಾರೆ ಅಂತ ಒಂದ್ಸಲ ನೋಡಿ. ೪೪.೧ ಕಿಲೋಹರ್ಟ್ಸೇ ಸುಮಾರು ೨೨,೦೦೦ ಹರ್ಟ್ಸ್‌ವರೆಗೂ ಹಿಡಿಯುತ್ತೆ. ಎಳೇ ವಯಸ್ಸಿನ ಒಳ್ಳೇ ಕಿವಿಗೂ ೨೦,೦೦೦ವೇ ಗಡಿ.

ಇದು ಚಿಕಿತ್ಸೆ ಅಲ್ಲ ಅಂತಲೂ ಹೇಳಿಬಿಡ್ತೀನಿ. ಹೋದ ಕಿವಿ ವಾಪಸ್ ಬರಲ್ಲ. ಕೇಳಿಸ್ತಿಲ್ಲ ಅಂತ ವಾಲ್ಯೂಮ್ ಏರಿಸ್ತಾ ಹೋದರೆ ಉಳಿದದ್ದೂ ಹೋಗುತ್ತೆ. ನಾನು ಅಪ್ಪನನ್ನ ಕಿವಿ ಪರೀಕ್ಷೆಗೆ ಕರ್ಕೊಂಡು ಹೋಗಿದ್ದು ಈ ಹಾಡಿನ ಪ್ರಸಂಗ ಆದಮೇಲೆ. ಹತ್ತು ವರ್ಷ ಮುಂಚೆಯೇ ಹೋಗಬೇಕಿತ್ತು. ಆಗೆಲ್ಲ "ಏನಪ್ಪಾ, ಎಷ್ಟು ಸಲ ಹೇಳೋದು?" ಅಂತ ರೇಗಿದ್ದು ನೆನಪಾಗಿ ಈಗ ನಾಚಿಕೆ ಆಗುತ್ತೆ.

ಮೊನ್ನೆ ಸಂಜೆ ಕರೆಂಟ್ ಹೋಯ್ತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ಆಂಪ್ಲಿಫೈಯರೂ ನಿಂತಿತು. ಲ್ಯಾಪ್‌ಟಾಪಿನ ಬ್ಯಾಟರಿ ಇತ್ತು, ಅಪ್ಪನಿಗೆ ಹೆಡ್‌ಫೋನ್ ಕೊಟ್ಟೆ. ಕತ್ತಲಲ್ಲಿ ಅವರು ಗುನುಗಿದ್ದು ನನಗೆ ಕೇಳಿಸ್ತು. ಶ್ರುತಿ ಸ್ವಲ್ಪ ಆಚೀಚೆ, ಸಾಹಿತ್ಯ ಸರಿಯಾಗಿತ್ತು.

ನಿಮ್ಮ ಮನೆಯ ಕ್ಯಾಸೆಟ್ಟುಗಳು ಎಲ್ಲಿವೆ? ಅದನ್ನ ಕೇಳಬೇಕಾದವರ ಕಿವಿ ಹೇಗಿದೆ? ಈ ವಾರ ಒಮ್ಮೆ ನೋಡಿ ಬಂದು ಹೇಳಿ.