ಬಿಡಿಭಾಗದ ಕೋವಿ ಬೇಡ, ಲೈಸೆನ್ಸಿನ ಕೋವಿ ಬೇಕು



ಮಳವಳ್ಳಿ, ಮದ್ದೂರು ಕಡೆಯ ತೋಟಗಳಿಗೆ ಕಾಡುಹಂದಿ ನುಗ್ಗುವುದು ಹೊಸದಲ್ಲ. ನಮ್ಮ ಹುಡುಗರ ಮಾತು ಮಾತ್ರ ಹೊಸದು: ಬಿಡಿಭಾಗ ತರಿಸಿ, ಎರಡು ತುಂಡಾಗಿ ಬಿಚ್ಚಿ ಚೀಲದಲ್ಲಿಡಬಹುದಾದ ಪಾಯಿಂಟ್ 22 ರೈಫಲನ್ನು ನಾವೇ ಜೋಡಿಸಿಕೊಳ್ಳೋಣವಂತೆ!

ಅಮೆರಿಕದಲ್ಲಿ ಅದು ಹವ್ಯಾಸ. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಬಿಡಿಭಾಗವೂ ಆಯುಧವೇ. ಲೈಸೆನ್ಸಿಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯಂತೆ ಕನಿಷ್ಠ 7 ವರ್ಷ ಸೆರೆವಾಸ. ಒಂದು ಹಂದಿಗಾಗಿ ತೋಟವನ್ನೇ ವಕೀಲರಿಗೆ ಬರೆದುಕೊಟ್ಟಂತೆ.

ಕೆಲಸಕ್ಕಾದರೂ ಒದಗೀತೇ? ಆ ಸಣ್ಣ ಗುಂಡಿಗೆ ಹಂದಿ ಬೀಳುವುದು ಅಪರೂಪ. ಗಾಯಗೊಂಡ ಹಂದಿ ಬೆಳಿಗ್ಗೆ ಕೆಲಸಕ್ಕೆ ಬಂದ ಆಳಿನ ಮೇಲೆ ಎರಗುತ್ತದೆ. ಗುರಿ ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಅಲ್ಲಿರುವುದು ನೆರೆಯವರ ಮನೆ.

ಆದರೆ ಹುಡುಗರನ್ನಷ್ಟೇ ದೂರಿ ಫಲವಿಲ್ಲ. ಅದೇ ಕಾಯ್ದೆಯ 13ನೇ ಕಲಮು, ಅನರ್ಹರಲ್ಲದ ರೈತರಿಗೆ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಬೇಕೆನ್ನುತ್ತದೆ; ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿಯನ್ನು ನಾವು ಕೇಳುತ್ತಿಲ್ಲ. ಅರ್ಜಿ ಕಡತದಲ್ಲಿ ಕೊಳೆಯದಿರಲಿ ಎಂದಷ್ಟೇ ಕೇಳುತ್ತೇವೆ.

ಕೋವಿ ಸಿಕ್ಕಿತೆಂದು ಹಾರಿಸುವಂತೆಯೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಪ್ರತ್ಯೇಕವಾಗಿ ಬೇಕು.

ಒಬ್ಬೊಬ್ಬರೇ ಅಲೆಯುವ ಬದಲು ಪಹಣಿ, ಬೆಳೆಹಾನಿಯ ಲೆಕ್ಕ ಸಹಿತ ಎಲ್ಲರ ಅರ್ಜಿಗಳನ್ನೂ ಸಂಘದ ಮೂಲಕವೇ ಒಟ್ಟಿಗೆ ಸಲ್ಲಿಸೋಣ. ಮುಂದಿನ ಸಭೆಗೆ ಕಾಗದಪತ್ರ ತನ್ನಿ. ಬಿಡಿಭಾಗ ತರಿಸಬೇಡಿ.

ಕಾರ್ಯದರ್ಶಿ